ಮಳೆಗಾಲಕ್ಕೆ ಅಂಜದ ಉಕುಲೇಲೆ

ಜೂನ್ ತಿಂಗಳು ಕಾಲಿಟ್ಟಿತೆಂದರೆ ಮಂಗಳೂರಿನ ಅತ್ತಾವರದ ಹಳೆಯ ಹಂಚಿನ ಮನೆಗಳಲ್ಲಿ ಬಾಗಿಲುಗಳು ಮೊಂಡು ಹಿಡಿಯುತ್ತವೆ. ಬೇಸಗೆಯಲ್ಲಿ ಬೆರಳಿನಿಂದ ತಳ್ಳಿದರೆ ತೆರೆದುಕೊಳ್ಳುತ್ತಿದ್ದ ಕದ ಈಗ ಭುಜ ಕೊಟ್ಟು ನೂಕಿದರೂ ಕದಲದು. ಮರ ನೀರು ಕುಡಿದು ಉಬ್ಬಿದೆಯೆಂದು ಹೇಳಿ ಹಿರಿಯರು ಸುಮ್ಮನಾಗುತ್ತಾರೆ. ಬಡಗಿಯನ್ನು ಕರೆಸಿ ಅಂಚನ್ನು ಹೆರೆಸಿದರೆ ಡಿಸೆಂಬರಿನಲ್ಲಿ ಸಂದು ಬಿಟ್ಟೀತೆಂಬುದನ್ನು ಅವರು ಅನುಭವದಿಂದ ಬಲ್ಲರು.

ಅದೇ ಮನೆಯ ಗೋಡೆಯ ಮೇಲೆ ತೂಗುಹಾಕಿರುವ ಪುಟ್ಟ ತಂತಿವಾದ್ಯಕ್ಕೂ ಇದೇ ಅವಸ್ಥೆ ಒದಗುತ್ತದೆ. ಆದರೆ ಅದನ್ನು ಹೆರೆಯುವಂತಿಲ್ಲ. ಮೇ ತಿಂಗಳಲ್ಲಿ ಸುಲಭವಾಗಿ ನುಡಿಯುತ್ತಿದ್ದ ಉಕುಲೇಲೆಯ ತಂತಿಗಳು ಜುಲೈ ತಿಂಗಳಲ್ಲಿ ಹಲಗೆಯಿಂದ ಮೇಲೆದ್ದು ಬೆರಳನ್ನು ನೋಯಿಸತೊಡಗುತ್ತವೆ. ಶ್ರುತಿಯೂ ಸರಿಯಾಗಿ ಕೂಡುವುದಿಲ್ಲ. ಕಲಿಯಲು ಹೊರಟ ಹುಡುಗನೋ ಹುಡುಗಿಯೋ ತಪ್ಪು ತನ್ನದೇ ಎಂದುಕೊಂಡು ವಾದ್ಯವನ್ನು ಮೂಲೆಗಿಡುವುದುಂಟು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿಗೆ ಹೊಂದುವ ಉಕುಲೇಲೆಯನ್ನು ಕಟ್ಟಲು ಬರುವುದಿಲ್ಲವೆ? ಜಗತ್ತಿನ ದೊಡ್ಡ ವಾದ್ಯಪ್ರದರ್ಶನಗಳಲ್ಲಿ ಈಚಿನ ವರ್ಷಗಳಲ್ಲಿ ಕಾಣಿಸಿಕೊಂಡಿರುವ ಹೊಸ ಉಕುಲೇಲೆಗಳನ್ನು ನಾವು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ನೋಡೋಣ.

ಉಕುಲೇಲೆ ಎಂಬುದು ನಾಲ್ಕು ತಂತಿಗಳ, ಗಿಟಾರಿನ ಆಕಾರದ, ಮಗುವಿನಂತೆ ತೋಳಿನಲ್ಲಿ ಎತ್ತಿಕೊಳ್ಳಬಹುದಾದ ವಾದ್ಯ. ನಮ್ಮ ಅಂಗಡಿಗಳಲ್ಲಿ ಅದನ್ನು ಇಂಗ್ಲಿಷರ ರೀತಿಯಲ್ಲಿ ‘ಯೂಕಲೇಲಿ’ ಎನ್ನುತ್ತಾರೆ. ಹವಾಯಿ ದ್ವೀಪಗಳ ಭಾಷೆಯಲ್ಲಿ ‘ಉಕು’ ಎಂದರೆ ಚಿಗಟ, ‘ಲೇಲೆ’ ಎಂದರೆ ಜಿಗಿಯುವುದು. ನುಡಿಸುವವರ ಬೆರಳು ಚಿಗಟದಂತೆ ಜಿಗಿಯುತ್ತದೆಂದು ಈ ಹೆಸರು ಬಂದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹೆಸರು ಹವಾಯಿಯದಾದರೂ ವಾದ್ಯದ ತವರು ಪೋರ್ಚುಗೀಸರ ಮದೀರಾ ದ್ವೀಪ. 1879ನೆಯ ಆಗಸ್ಟ್ 23ರಂದು ‘ರೇವನ್ಸ್‌ಕ್ರ್ಯಾಗ್’ ಎಂಬ ಹಡಗು ಕಬ್ಬಿನ ತೋಟಗಳಲ್ಲಿ ದುಡಿಯಲು ಹೊರಟ ನಾಲ್ಕು ನೂರಕ್ಕೂ ಹೆಚ್ಚು ಮದೀರಾ ಜನರನ್ನು ಹೊನೊಲುಲುವಿನಲ್ಲಿ ಇಳಿಸಿತು. ಅವರೊಳಗೆ ಮ್ಯಾನುಯೆಲ್ ನೂನೆಸ್, ಅಗಸ್ತೊ ಡಿಯಾಸ್, ಜೋಸೆ ದೊ ಎಸ್ಪಿರಿತೊ ಸಾಂತೊ ಎಂಬ ಮೂವರು ಬಡಗಿಗಳಿದ್ದರು. ತಮ್ಮೂರಿನ ‘ಮಷೇತ್’ ಎಂಬ ಪುಟ್ಟ ವಾದ್ಯವನ್ನು ಅವರು ಹವಾಯಿಯ ಕೋಆ ಮರದಲ್ಲಿ ಕಟ್ಟತೊಡಗಿದರು. ಅದೇ ಕುಲದ ವಾದ್ಯಗಳು ಪೋರ್ಚುಗೀಸರ ಹಡಗುಗಳಲ್ಲಿ ಬ್ರೆಜಿಲ್, ಜಾವಾ ಮುಂತಾದ ಕಡೆಗೂ ಹೋಗಿವೆ. ಗೋವೆಯಿಂದ ಮಂಗಳೂರಿನವರೆಗೆ ಅವರ ಸಂಪರ್ಕದ ಗುರುತುಗಳನ್ನು ಕಂಡಿರುವ ನಮ್ಮ ಕರಾವಳಿಯವರಿಗೆ ಈ ಸಂಚಾರ ಅಚ್ಚರಿಯನ್ನುಂಟುಮಾಡಲಾರದು.

ಉಕುಲೇಲೆಗೆ ಲೋಕಪ್ರಸಿದ್ಧಿ ತಂದುದೂ ಒಂದು ಪ್ರದರ್ಶನವೇ. 1915ರಲ್ಲಿ, ಪನಾಮಾ ಕಾಲುವೆ ತೆರೆದ ಸಂತೋಷಕ್ಕೆಂದು ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಹವಾಯಿಯ ಮಂಟಪದಿಂದ ಹೊರಟ ಇದರ ನಾದಕ್ಕೆ ಅಮೆರಿಕದ ಜನ ಮರುಳಾದರು. ಮರುವರ್ಷವೇ ಗಿಟಾರಿಗೆ ಹೆಸರಾದ ಮಾರ್ಟಿನ್ ಕಂಪನಿ ಉಕುಲೇಲೆಗಳನ್ನು ಮಾರುಕಟ್ಟೆಗೆ ತಂದಿತು. ಹೊನೊಲುಲುವಿನಲ್ಲಿ ಸ್ಯಾಮ್ಯುಯೆಲ್ ಕಮಾಕನ ಕಾರ್ಖಾನೆ ಆರಂಭವಾಯಿತು. ಆ ಕಾರ್ಖಾನೆ ಇಂದಿಗೂ ಅವನ ವಂಶದವರ ಕೈಯಲ್ಲಿ ನಡೆಯುತ್ತಿದೆ.

ಮರ ನೀರು ಕುಡಿಯುವ ಬಗೆ

ಹೊಸ ವಿನ್ಯಾಸಗಳನ್ನು ತಿಳಿಯುವ ಮೊದಲು ಹಳೆಯದರ ಕಷ್ಟವೇನೆಂಬುದನ್ನು ಲೆಕ್ಕಹಾಕಿ ನೋಡುವುದು ಒಳ್ಳೆಯದು. ಮರವೆಂದರೆ ಉದ್ದುದ್ದನೆಯ ಕೊಳವೆಗಳಂತಿರುವ ಜೀವಕೋಶಗಳ ಕಟ್ಟು. ಕೊಳವೆಯ ಗೋಡೆಗಳಲ್ಲಿ ಸೆಲ್ಯುಲೋಸ್ ಎಳೆಗಳಿವೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ನೀರಿನ ಅಣುಗಳು ಈ ಎಳೆಗಳ ನಡುವೆ ನುಸುಳಿ ಅವನ್ನು ಅತ್ತಿತ್ತ ಸರಿಸುತ್ತವೆ. ಆದುದರಿಂದ ಮರ ಅಡ್ಡಲಾಗಿ ಹಿಗ್ಗುತ್ತದೆಯೇ ಹೊರತು ಎಳೆಯ ಉದ್ದಕ್ಕೆ ಹಿಗ್ಗುವುದು ತೀರ ಸ್ವಲ್ಪ.

ವಾದ್ಯ ಕಟ್ಟುವವರು ಸಾಮಾನ್ಯವಾಗಿ ಗಾಳಿಯ ಸಾಪೇಕ್ಷ ಆರ್ದ್ರತೆಯನ್ನು ನೂರಕ್ಕೆ 45ರ ಸುಮಾರಿಗೆ ಹಿಡಿದಿಟ್ಟ ಕೋಣೆಯಲ್ಲಿ ಕೆಲಸಮಾಡುತ್ತಾರೆ. ಆ ಗಾಳಿಯಲ್ಲಿ ಮರದೊಳಗಿನ ನೀರು ಅದರ ಒಣತೂಕದ ನೂರಕ್ಕೆ 8 ಅಥವಾ 9 ಭಾಗ. ಅತ್ತಾವರದ ಮಳೆಗಾಲದ ಗಾಳಿಯಲ್ಲಿ, ಅಂದರೆ ಆರ್ದ್ರತೆ ನೂರಕ್ಕೆ 85ನ್ನು ಮುಟ್ಟಿ ದಾಟುವ ದಿನಗಳಲ್ಲಿ, ಅದು 18 ಭಾಗದವರೆಗೆ ಏರಬಲ್ಲುದು. ನೀರು ಒಂದು ಭಾಗ ಹೆಚ್ಚಿದರೆ ಸ್ಪ್ರೂಸಿನಂಥ ಮರದ ಹಲಗೆಯ ಅಗಲ ನೂರಕ್ಕೆ ಸುಮಾರು 0.15ರಷ್ಟು ಹೆಚ್ಚುತ್ತದೆ. ಒಂಬತ್ತು ಭಾಗಕ್ಕೆ 1.35 ಆಯಿತು. ಪುಟ್ಟ ಉಕುಲೇಲೆಯ ಮೇಲ್ಹಲಗೆಯ ಅಗಲ ಸುಮಾರು 160 ಮಿಲಿಮೀಟರ್; ಆದುದರಿಂದ ಹಿಗ್ಗು 2 ಮಿಲಿಮೀಟರಿಗಿಂತ ತುಸು ಹೆಚ್ಚು.

ಎರಡು ಮಿಲಿಮೀಟರ್ ಎಂದರೆ ಏನು ಮಹಾ, ಎಂದು ಕೇಳಬಹುದು. ಹಲಗೆ ನಾಲ್ಕೂ ಕಡೆ ಪಕ್ಕದ ಗೋಡೆಗಳಿಗೆ ಅಂಟಿಕೊಂಡಿದೆ ಎಂಬುದನ್ನು ಮರೆಯಬಾರದು. ಆ ಗೋಡೆಗಳಲ್ಲಿ ಮರದ ಎಳೆ ಸುತ್ತಲೂ ಓಡುವುದರಿಂದ ಅವು ಹಿಗ್ಗಿ ಜಾಗ ಬಿಡುವುದಿಲ್ಲ. ಹಲಗೆ ಅತ್ತಿತ್ತ ಸರಿಯಲಾರದೆ ಮೇಲಕ್ಕೆ ಉಬ್ಬಬೇಕು. ಎಷ್ಟು ಉಬ್ಬೀತೆಂಬುದನ್ನು ಪೈಥಾಗೊರಸನ ಪ್ರಮೇಯದಿಂದ ಅಂದಾಜು ಮಾಡಬಹುದು. ಹಲಗೆ ನಡುವೆ ಮಡಿಸಿಕೊಂಡು ಗುಡಾರದಂತೆ ನಿಂತಿತೆಂದು ಭಾವಿಸೋಣ. ಅರ್ಧ ತಳ 80 ಮಿಲಿಮೀಟರ್, ಇಳಿಜಾರಿನ ಕರ್ಣ 81.1 ಮಿಲಿಮೀಟರ್. ಎತ್ತರ ಎಷ್ಟು ಬರುತ್ತದೆ? ವಾಚಕರು ತಾವೇ ಲೆಕ್ಕ ಮಾಡಿ ನೋಡಲಿ. 13 ಮಿಲಿಮೀಟರ್ ಬರುತ್ತದೆ! ನಿಜವಾದ ವಾದ್ಯದಲ್ಲಿ ಹಲಗೆಯ ಕೆಳಗೆ ಅಡ್ಡಪಟ್ಟಿಗಳಿರುವುದರಿಂದಲೂ ಮರ ತನ್ನೊಳಗೇ ಸ್ವಲ್ಪ ಅದುಮಿಕೊಳ್ಳುವುದರಿಂದಲೂ ಅಷ್ಟು ಉಬ್ಬುವುದಿಲ್ಲ. ಆದರೆ ಅದರ ಹತ್ತರಲ್ಲೊಂದು ಪಾಲು ಉಬ್ಬಿದರೂ ಕೆಲಸ ಕೆಟ್ಟಿತು. ಹಲಗೆಯ ಮೇಲೆ ಕೂತಿರುವ ಕುದುರೆ ಮೇಲೇರುತ್ತದೆ, ಅದರೊಡನೆ ತಂತಿಗಳೂ ಏರುತ್ತವೆ. ಹನ್ನೆರಡನೆಯ ಮೆಟ್ಟಿಲಿನ ಬಳಿ ತಂತಿಗೂ ಮೆಟ್ಟಿಲಿಗೂ ನಡುವೆ ಇರಬೇಕಾದ ಅಂತರವೇ ಎರಡೂವರೆ ಮೂರು ಮಿಲಿಮೀಟರ್. ಎತ್ತರದ ತಂತಿಯನ್ನು ಒತ್ತಿದಾಗ ಅದು ಹೆಚ್ಚು ಎಳೆಯಲ್ಪಟ್ಟು ಸ್ವರವೂ ಏರುತ್ತದೆ. ಬರಿಯ ತಂತಿಯಲ್ಲಿ ಶ್ರುತಿ ಸರಿಯಿದ್ದು ಮೇಲಿನ ಮೆಟ್ಟಿಲುಗಳಲ್ಲಿ ತಪ್ಪುವುದಕ್ಕೆ ಇದು ಕಾರಣ.

ಒಣಹವೆಯ ಪೀಡೆ ಇದಕ್ಕಿಂತ ಘೋರವಾದುದು. ಕುಗ್ಗುವ ಹಲಗೆಗೆ ಉಬ್ಬಿ ಪಾರಾಗುವ ದಾರಿಯೂ ಇಲ್ಲ, ಅದು ಸೀಳುತ್ತದೆ. ಮಂಗಳೂರಿನ ತೇವಕ್ಕೆ ಹೊಂದಿಕೊಂಡಿದ್ದ ವಾದ್ಯವನ್ನು ಹೆಗಲಿಗೇರಿಸಿಕೊಂಡು ಕಾಲೇಜಿಗೆಂದು ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವ ವಿದ್ಯಾರ್ಥಿ ಇದನ್ನು ನೆನಪಿಡಬೇಕು. ಮಾರ್ಚ್ ತಿಂಗಳ ಮಧ್ಯಾಹ್ನ ಅಲ್ಲಿಯ ಆರ್ದ್ರತೆ ನೂರಕ್ಕೆ 30ರ ಆಸುಪಾಸಿಗೆ ಇಳಿಯುವುದುಂಟು. ಇನ್ನೊಂದು ಮಾತು. ಪರದೇಶದ ವಾದ್ಯಗಳ ಪೆಟ್ಟಿಗೆಯಲ್ಲಿ ಬರುವ ಸೂಚನಾಪತ್ರಗಳು ‘ವಾದ್ಯದೊಳಗೆ ಒದ್ದೆ ಸ್ಪಂಜನ್ನು ಇಡಿ’ ಎಂದು ಉಪದೇಶಿಸುತ್ತವೆ. ಚಳಿಗಾಲದಲ್ಲಿ ಮನೆಯನ್ನು ಬಿಸಿಮಾಡಿಕೊಂಡು ಗಾಳಿಯನ್ನೆಲ್ಲ ಒಣಗಿಸಿಕೊಳ್ಳುವ ಅಮೆರಿಕದವರಿಗೆ ಅದು ಸರಿ. ಅತ್ತಾವರದ ಜುಲೈ ತಿಂಗಳಲ್ಲಿ ಅದನ್ನು ಪಾಲಿಸಿದರೆ ವಾದ್ಯಕ್ಕೆ ಬೂಸಲು ಹಿಡಿದೀತು! ಇಲ್ಲಿ ಬೇಕಾದುದು ಮುಚ್ಚಿದ ಪೆಟ್ಟಿಗೆ, ಅದರೊಳಗೆ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣ.

ಶಾಲೆಯ ಪ್ರಯೋಗಶಾಲೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಹಣ್ಣಿನ ಪೆಟ್ಟಿಗೆಯ ತೆಳುಹಲಗೆಯಿಂದ ಎಳೆಗೆ ಅಡ್ಡವಾಗಿ ಹತ್ತು ಸೆಂಟಿಮೀಟರ್ ಉದ್ದದ ಒಂದು ಪಟ್ಟಿಯನ್ನೂ ಎಳೆಯ ಉದ್ದಕ್ಕೆ ಅಷ್ಟೇ ಉದ್ದದ ಇನ್ನೊಂದು ಪಟ್ಟಿಯನ್ನೂ ಕೊಯ್ದು, ಜುಲೈಯಲ್ಲೊಮ್ಮೆ ಜನವರಿಯಲ್ಲೊಮ್ಮೆ ತೂಕಮಾಡಿ ವರ್ನಿಯರ್ ಕ್ಯಾಲಿಪರ್ಸಿನಿಂದ ಅಳೆದರಾಯಿತು. ಒಣ ಮತ್ತು ಒದ್ದೆ ಬುರುಡೆಯ ಉಷ್ಣಮಾಪಕಗಳಿದ್ದರೆ ಆ ದಿನದ ಆರ್ದ್ರತೆಯನ್ನೂ ಪಕ್ಕದಲ್ಲಿ ಬರೆದಿಡಬಹುದು.

ಪ್ರದರ್ಶನದಲ್ಲಿ ಏನಿದೆ?

ವಾದ್ಯ ವ್ಯಾಪಾರದ ಪ್ರದರ್ಶನಗಳಲ್ಲಿ ಹೆಸರಾದುದು ಅಮೆರಿಕದ ‘ನ್ಯಾಮ್’ ಸಂಸ್ಥೆ ಕ್ಯಾಲಿಫೋರ್ನಿಯದ ಅನಾಹೈಮ್ ಎಂಬಲ್ಲಿ ನಡೆಸುವ ಕೂಟ. ಈ ಸಂಸ್ಥೆ 1901ರಲ್ಲಿ ಪಿಯಾನೊ ವ್ಯಾಪಾರಿಗಳ ಸಂಘವಾಗಿ ಹುಟ್ಟಿತು. ಚೀನಾದ ಷಾಂಘೈಯಲ್ಲಿ ನಡೆಯುವ ಪ್ರದರ್ಶನವೂ ಈಗ ಅದಕ್ಕೆ ಸರಿದೊರೆಯಾಗಿದೆ. ಇಂಥ ಕಡೆ ಮಾರುವವರ ಗದ್ದಲವೇ ಹೆಚ್ಚು, ಹೊಸತೆಂದು ಕೂಗುವುದೆಲ್ಲ ಹೊಸತಲ್ಲ. ಬಣ್ಣ ಬದಲಿಸಿದುದನ್ನೂ ಆವಿಷ್ಕಾರವೆಂದು ಕರೆಯುತ್ತಾರೆ. ಅವುಗಳ ನಡುವೆ ಭೌತಶಾಸ್ತ್ರಕ್ಕೆ ಸಂಬಂಧಿಸಿದ ನಿಜವಾದ ಮಾರ್ಪಾಡುಗಳನ್ನು ಮಾತ್ರ ನಾವು ಇಲ್ಲಿ ಆಯ್ದುಕೊಂಡಿದ್ದೇವೆ.

ಮೊದಲನೆಯದು, ಮರವನ್ನೇ ಬಿಟ್ಟುಬಿಡುವ ಪ್ರಯತ್ನ. ಇದು ನಿನ್ನೆ ಮೊನ್ನೆಯದೇನೂ ಅಲ್ಲ. ಪ್ಲಾಸ್ಟಿಕ್ಕಿನ ಬಟ್ಟೆಕ್ಲಿಪ್ಪುಗಳನ್ನು ತಯಾರಿಸಿ ಹಣ ಗಳಿಸಿದ್ದ ಮಾರಿಯೊ ಮ್ಯಾಕಫೆರಿ ಎಂಬ ಇಟಲಿಯ ಗಿಟಾರ್ ಕರ್ಮಿ 1949ರಲ್ಲಿ ಪಾಲಿಸ್ಟೈರೀನಿನ ಅಚ್ಚು ಉಕುಲೇಲೆಯನ್ನು ಅಮೆರಿಕದಲ್ಲಿ ಹೊರತಂದನು. ಅದು ಲಕ್ಷಗಟ್ಟಲೆ ಮಾರಾಟವಾಯಿತು. 1999ರಲ್ಲಿ ಡೇಲ್ ವೆಬ್ ಎಂಬ ವಿನ್ಯಾಸಕಾರನು ‘ಫ್ಲೂಕ್’ ಎಂಬುದನ್ನು ನ್ಯಾಮ್ ಪ್ರದರ್ಶನಕ್ಕೆ ತಂದನು. ಅದರ ಹಿಂಬದಿಯೂ ಪಕ್ಕಗಳೂ ಒಂದೇ ಅಚ್ಚಿನ ಪ್ಲಾಸ್ಟಿಕ್ ಬಟ್ಟಲು, ಮೇಲ್ಹಲಗೆ ಮಾತ್ರ ಪದರಮರ. ತಳ ಚಪ್ಪಟೆಯಾಗಿರುವುದರಿಂದ ಅದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಲೂಬಹುದು. ಕಾಣಲು ವಿಚಿತ್ರವಾದರೂ ಬುದ್ಧಿವಂತಿಕೆಯ ಕೆಲಸವೆಂದು ನಮಗೆ ತೋರುತ್ತದೆ. ನಾದಕ್ಕೆ ಮುಖ್ಯವಾದ ಭಾಗದಲ್ಲಿ ಮರವನ್ನು ಉಳಿಸಿಕೊಂಡು ಉಳಿದೆಡೆ ಅಗ್ಗದ ದೃಢವಸ್ತುವನ್ನು ಬಳಸಲಾಗಿದೆ.

ಹಾಗಾದರೆ ಮೇಲ್ಹಲಗೆಯನ್ನೂ ಪ್ಲಾಸ್ಟಿಕ್ಕಿನಿಂದಲೇ ಏಕೆ ಮಾಡಬಾರದು? ಮಾಡುವವರಿದ್ದಾರೆ. ಪಾಲಿಕಾರ್ಬೊನೇಟಿನ ಉಕುಲೇಲೆಯನ್ನು ಪಣಂಬೂರಿನ ಸಮುದ್ರತೀರಕ್ಕೆ ಒಯ್ದು ಮರಳಿನಲ್ಲಿಟ್ಟು, ಮನೆಗೆ ಬಂದು ನಲ್ಲಿಯ ಕೆಳಗೆ ತೊಳೆದರೂ ಕೆಡುವುದಿಲ್ಲ. ಆದರೆ ನಾದ ಸ್ವಲ್ಪ ಮಂಕು. ಕಾರಣ ಸರಳವಾಗಿದೆ. ತಂತಿಯ ಅಲ್ಪಶಕ್ತಿಯಿಂದ ಹಲಗೆ ಚೆನ್ನಾಗಿ ಅಲುಗಬೇಕಾದರೆ ಅದು ಹಗುರವಾಗಿರಬೇಕು. ತಂತಿಗಳ ಎಳೆತಕ್ಕೆ ಬಾಗದೆ ನಿಲ್ಲಬೇಕಾದರೆ ಬಿರುಸಾಗಿರಬೇಕು. ಈ ಎರಡು ಗುಣಗಳೂ ಒಟ್ಟಿಗೆ ಇರುವ ವಸ್ತುಗಳು ಅಪರೂಪ. ಸ್ಪ್ರೂಸ್ ಮರದ ಸಾಂದ್ರತೆ ನೀರಿನ ಅರ್ಧಕ್ಕಿಂತ ಕಡಿಮೆ. ಪಾಲಿಕಾರ್ಬೊನೇಟ್ ನೀರಿಗಿಂತ ಒಂದು ಕಾಲುಪಟ್ಟು ಭಾರ, ಬಿರುಸಿನಲ್ಲಿ ಸ್ಪ್ರೂಸಿನ ಎಳೆಯ ದಿಕ್ಕಿನ ಬಿರುಸಿನ ಕಾಲುಭಾಗದಷ್ಟು ಮಾತ್ರ. ಪ್ರಕೃತಿ ಗಾಳಿಯಲ್ಲಿ ಎತ್ತರಕ್ಕೆ ನಿಲ್ಲಲೆಂದು ರೂಪಿಸಿದ ಮರ ನಾದಕ್ಕೂ ಒದಗಿದ್ದು ನಮ್ಮ ಭಾಗ್ಯವೆನ್ನಬೇಕು.

ಇಂಗಾಲದ ಎಳೆಗಳು, ಎಂದರೆ ಕಾರ್ಬನ್ ಫೈಬರ್, ಈ ಕೊರತೆಯನ್ನು ನೀಗುತ್ತವೆ. ವಿಮಾನದ ರೆಕ್ಕೆಗಳಿಗೆ ಬಳಸುವ ಈ ವಸ್ತು ಮರಕ್ಕಿಂತ ಭಾರವಾದರೂ ಹಲವು ಪಟ್ಟು ಬಿರುಸು. ಆದುದರಿಂದ ಹಲಗೆಯನ್ನು ಬಹಳ ತೆಳುವಾಗಿ ಮಾಡಿ ತೂಕವನ್ನು ಇಳಿಸಬಹುದು. ತೇವಕ್ಕೆ ಅದು ಹಿಗ್ಗುವುದೇ ಇಲ್ಲವೆನ್ನಬಹುದು. ಸ್ಯಾನ್‌ಫ್ರಾನ್ಸಿಸ್ಕೊದ ಬ್ಲ್ಯಾಕ್‌ಬರ್ಡ್ ಕಂಪನಿ ಮೊದಲು ಇಂಗಾಲದ ಎಳೆಯಿಂದ ವಾದ್ಯಗಳನ್ನು ಮಾಡಿ, ಆಮೇಲೆ ಅಗಸೆಯ ನಾರನ್ನು ರಾಳದಲ್ಲಿ ಹದಮಾಡಿ ‘ಇಕೋಆ’ ಎಂಬ ವಸ್ತುವಿನಿಂದ ಉಕುಲೇಲೆ ಕಟ್ಟಿತು. ನಮ್ಮ ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಗೂ ಎಣ್ಣೆಗೂ ಬೆಳೆಯುವ ಅಗಸೆಯೇ ಅದು. ಯೂರೋಪಿನಲ್ಲಿ ನಾರಿಗಾಗಿ ಬೇರೆ ತಳಿಗಳನ್ನು ಬೆಳೆಯುತ್ತಾರೆ. ಚೀನಾದ ಎನ್ಯಾ ಕಂಪನಿ ಇಂಗಾಲದ ಎಳೆಯ ತುಣುಕುಗಳನ್ನು ಪಾಲಿಕಾರ್ಬೊನೇಟಿನೊಡನೆ ಬೆರೆಸಿ ಅಚ್ಚಿಗೆ ಹೊಯ್ದು ಬೆಲೆಯನ್ನು ತಗ್ಗಿಸಿದೆ. ಉದ್ದನೆಯ ಎಳೆಗಳ ಬಟ್ಟೆಯಿಂದ ಮಾಡಿದುದಕ್ಕೂ ತುಣುಕು ಬೆರೆಸಿದುದಕ್ಕೂ ವ್ಯತ್ಯಾಸ ಬಹಳ. ಎರಡನ್ನೂ ‘ಕಾರ್ಬನ್ ಫೈಬರ್’ ಎಂದೇ ಕೂಗಿ ಮಾರುವುದರಿಂದ ಕೊಳ್ಳುವವರು ಎಚ್ಚರವಾಗಿರಬೇಕು.

ಇವೆಲ್ಲಕ್ಕಿಂತ ಅಗ್ಗವಾದ ಉಪಾಯ ಹಳೆಯದೇ ಆದ ಪದರಮರ. ಮೂರು ತೆಳುಪದರಗಳನ್ನು ಎಳೆಗಳು ಒಂದಕ್ಕೊಂದು ಅಡ್ಡಬರುವಂತೆ ಅಂಟಿಸಿದರೆ, ಒಂದು ಪದರ ಅಗಲಕ್ಕೆ ಹಿಗ್ಗಲು ಹೊರಟಾಗ ಪಕ್ಕದ ಪದರದ ಉದ್ದನೆಯ ಎಳೆಗಳು ಅದನ್ನು ತಡೆಯುತ್ತವೆ. ‘ಒಂಟಿಹಲಗೆಯ ವಾದ್ಯವೇ ಶ್ರೇಷ್ಠ, ಪದರಮರ ಕೀಳು’ ಎಂದು ಪಂಡಿತರು ಹೇಳುವುದನ್ನು ವಾಚಕರು ಕೇಳಿರಬಹುದು. ನಾದದ ಮಟ್ಟಿಗೆ ಅದರಲ್ಲಿ ಸತ್ಯವಿದೆ. ಆದರೆ ವಾದ್ಯವನ್ನು ನೋಡಿಕೊಳ್ಳಲು ಪುರಸೊತ್ತಿಲ್ಲದ ಕರಾವಳಿಯ ವಿದ್ಯಾರ್ಥಿಗೆ ಮೊದಲ ಉಕುಲೇಲೆ ಪದರಮರದ್ದಾಗಿರುವುದೇ ಕ್ಷೇಮವೆಂಬುದು ನಮ್ಮ ಅಭಿಪ್ರಾಯ.

ಗಾಳದ ನೂಲೂ ರಬ್ಬರಿನ ತಂತಿಯೂ

ತಂತಿಗಳ ವಿಷಯಕ್ಕೆ ಬರೋಣ. ಹಿಂದೆ ಉಕುಲೇಲೆಗೆ ಪ್ರಾಣಿಗಳ ಕರುಳಿನ ತಂತಿಗಳಿದ್ದವು, ಎರಡನೆಯ ಮಹಾಯುದ್ಧದ ಬಳಿಕ ನೈಲಾನ್ ಬಂದಿತು. ನೈಲಾನಿಗೆ ಒಂದು ದೋಷವಿದೆ: ಅದೂ ನೀರು ಕುಡಿಯುತ್ತದೆ. ನೀರಿನಲ್ಲಿ ನೆನೆಸಿಟ್ಟರೆ ತನ್ನ ತೂಕದ ನೂರಕ್ಕೆ ಎಂಟೊಂಬತ್ತು ಭಾಗದಷ್ಟು ಹೀರಬಲ್ಲುದು. ಈಗ ಫ್ಲೂರೊಕಾರ್ಬನ್ ಎಂಬ ಇನ್ನೊಂದು ಪ್ಲಾಸ್ಟಿಕ್ ಅದರ ಸ್ಥಾನವನ್ನು ಆಕ್ರಮಿಸುತ್ತಿದೆ. ಬಂದರಿನ ಬಳಿ ಗಾಳ ಹಾಕುವವರಿಗೆ ಇದು ಹೊಸದಲ್ಲ. ನೀರಿನಲ್ಲಿ ಮೀನಿನ ಕಣ್ಣಿಗೆ ಸುಲಭವಾಗಿ ಕಾಣದ ನೂಲೆಂದು ಅವರು ಕೊಳ್ಳುವುದೂ ಇದನ್ನೇ. ವಾದ್ಯಕ್ಕೆ ಬೇಕಾದ ಗುಣ ಮಾತ್ರ ಬೇರೆ. ಅದು ತೇವವನ್ನು ಹೀರುವುದಿಲ್ಲ, ಮತ್ತು ನೈಲಾನಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಸಾಂದ್ರವಾಗಿದೆ.

ಸಾಂದ್ರತೆಯಿಂದ ಏನು ಲಾಭ? ತಂತಿಯ ಕಂಪನಸಂಖ್ಯೆ ಮೂರು ವಿಷಯಗಳನ್ನು ಅವಲಂಬಿಸಿದೆಯೆಂದು ವಿದ್ಯಾರ್ಥಿಗಳು ಓದಿರುತ್ತಾರೆ: ಉದ್ದ, ಬಿಗಿತ, ಪ್ರತಿ ಮೀಟರಿನ ತೂಕ. ಉಕುಲೇಲೆಯ ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ 440 ಸಾರಿ ಕಂಪಿಸಬೇಕು. ತಂತಿಯ ಉದ್ದ 35 ಸೆಂಟಿಮೀಟರ್ ಎಂದಿಟ್ಟುಕೊಂಡರೆ, 0.55 ಮಿಲಿಮೀಟರ್ ದಪ್ಪದ ಫ್ಲೂರೊಕಾರ್ಬನ್ ಎಳೆಗೆ ಸುಮಾರು 4 ಕಿಲೋಗ್ರಾಮ್ ತೂಕ ತೂಗುಹಾಕಿದಷ್ಟು ಬಿಗಿತ ಬೇಕು. ಅದೇ ಬಿಗಿತದಲ್ಲಿ ಅದೇ ಸ್ವರಕ್ಕೆ ನೈಲಾನಾದರೆ 0.69 ಮಿಲಿಮೀಟರ್ ದಪ್ಪವಿರಬೇಕಾಗುತ್ತದೆ. ತೆಳುತಂತಿ ಸುಲಭವಾಗಿ ಬಾಗುವುದರಿಂದ ಅದರ ಮೇಲುಸ್ವರಗಳು ಶುದ್ಧವಾಗಿರುತ್ತವೆ, ನಾದ ಹೊಳಪಾಗಿ ಕೇಳುತ್ತದೆ.

ಇದೇ ನಿಯಮವನ್ನು ತಲೆಕೆಳಗು ಮಾಡಿದ ಒಂದು ವಾದ್ಯ ಪ್ರದರ್ಶನಗಳಲ್ಲಿ ಜನರನ್ನು ಬೆರಗುಗೊಳಿಸಿತು. ಬೇಸ್ ಗಿಟಾರಿನ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಾರಿ ಮಾತ್ರ ಕಂಪಿಸುತ್ತದೆ. ಅದಕ್ಕಾಗಿ ಆ ವಾದ್ಯದ ತಂತಿ ಸಾಮಾನ್ಯವಾಗಿ 86 ಸೆಂಟಿಮೀಟರ್ ಉದ್ದವಿರುತ್ತದೆ. 2009ರ ಸುಮಾರಿಗೆ ಕಾಲಾ ಕಂಪನಿ ಹೊರತಂದ ‘ಯು-ಬೇಸ್’ ಎಂಬ ಉಕುಲೇಲೆ 53 ಸೆಂಟಿಮೀಟರಿಗೇ ಅದೇ ಆಳದ ಸ್ವರವನ್ನು ಕೊಟ್ಟಿತು. ತಂತಿ ಗಿಡ್ಡವಾದರೆ ಸ್ವರ ಏರುತ್ತದೆ. ಇಳಿಸಬೇಕಾದರೆ ತಂತಿಯನ್ನು ಭಾರಮಾಡಬೇಕು. ನೈಲಾನನ್ನು ನಾಲ್ಕು ಮಿಲಿಮೀಟರ್ ದಪ್ಪ ಮಾಡಿದರೆ ಅದು ತಂತಿಯಾಗಿ ಉಳಿಯದೆ ಕೋಲಿನಂತೆ ನಡೆದುಕೊಳ್ಳುತ್ತದೆ! ಆದುದರಿಂದ ಅವರು ಪಾಲಿಯುರೆಥೇನ್ ಎಂಬ ರಬ್ಬರಿನಂಥ ವಸ್ತುವಿನ ದಪ್ಪತಂತಿಗಳನ್ನು ಬಳಸಿದರು. ದಪ್ಪವಾಗಿದ್ದೂ ಮೆದುವಾಗಿ ಬಾಗುವ ಈ ತಂತಿಯ ಸ್ವಂತ ಸದ್ದು ಬಹಳ ಕಡಿಮೆ. ಕುದುರೆಯ ಕೆಳಗಿಟ್ಟ ಪೀಜೊ ಹರಳು ಅದರ ಒತ್ತಡದ ಏರಿಳಿತವನ್ನು ವಿದ್ಯುತ್ತಾಗಿ ಮಾರ್ಪಡಿಸಿ ಧ್ವನಿವರ್ಧಕಕ್ಕೆ ಕಳಿಸುತ್ತದೆ.

ಆಕಾರದ ಮಾರ್ಪಾಡುಗಳನ್ನು ಬೇಗನೆ ಹೇಳಿ ಮುಗಿಸಬಹುದು. ವಾದ್ಯದ ಪಕ್ಕದಲ್ಲಿ, ನುಡಿಸುವವರ ಮುಖದ ಕಡೆಗೆ, ಇನ್ನೊಂದು ರಂಧ್ರವನ್ನು ಕೊರೆಯುವುದು ಈಗ ವಾಡಿಕೆಯಾಗುತ್ತಿದೆ. ಖಾಲಿ ಶೀಷೆಯ ಬಾಯಿಗೆ ಊದಿದಾಗ ಒಳಗಿನ ಗಾಳಿ ಒಂದು ಗೊತ್ತಾದ ಸ್ವರದಲ್ಲಿ ಗುಂಯ್ಗುಡುವುದಷ್ಟೆ. ಉಕುಲೇಲೆಯ ಒಡಲೂ ಹಾಗೆಯೇ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿ ತೋರಿಸಿದಂತೆ, ರಂಧ್ರ ಹಿಗ್ಗಿದರೆ ಈ ಸ್ವರ ಏರುತ್ತದೆ, ಒಡಲು ಹಿಗ್ಗಿದರೆ ಇಳಿಯುತ್ತದೆ. ಪಕ್ಕದ ರಂಧ್ರ ನುಡಿಸುವವರ ಕಿವಿಗೆ ಹಿತ, ಆದರೆ ಒಡಲಿನ ಸ್ವರವನ್ನು ಸ್ವಲ್ಪ ಏರಿಸುತ್ತದೆ. ಕಟ್ಟುವವನು ಅದಕ್ಕೆ ತಕ್ಕಂತೆ ಮುಂದಿನ ರಂಧ್ರವನ್ನು ಕಿರಿದು ಮಾಡಬೇಕು. ಪೆಪೆ ರೊಮೆರೊ ಎಂಬ ಕರ್ಮಿಯ ‘ಟೈನಿ ಟೆನರ್’ ದೊಡ್ಡ ಉಕುಲೇಲೆಯ ತಂತಿಯ ಉದ್ದವನ್ನು ಗಿಡ್ಡ ವಾದ್ಯದಲ್ಲಿ ಅಡಗಿಸಿ ಪ್ರಯಾಣಿಕರಿಗೆ ಒದಗಿದೆ.

ಬೆರಳಿಡುವ ಜಾಗದಲ್ಲಿ ದೀಪ ಹೊತ್ತುವ ಉಕುಲೇಲೆಯೂ ಚೀನಾದಿಂದ ಬಂದಿದೆ. ‘ಪಾಪ್ಯುಲೇಲೆ’ ಎಂಬ ಇದರ ಬೆರಳುಪಟ್ಟಿಯಲ್ಲಿ 72 ಪುಟ್ಟ ದೀಪಗಳಿವೆ. ಮೊಬೈಲ್ ಫೋನಿನಲ್ಲಿ ಹಾಡನ್ನು ಆರಿಸಿದರೆ ಎಲ್ಲೆಲ್ಲಿ ಒತ್ತಬೇಕೋ ಅಲ್ಲಲ್ಲಿ ದೀಪ ಮಿನುಗುತ್ತದೆ. ಮೊದಲ ವಾರ ಕಲಿಯುವವರಿಗೆ ಇದು ಉತ್ಸಾಹ ಕೊಟ್ಟೀತು. ಆದರೆ ದೀಪವನ್ನು ನೋಡಿಕೊಂಡು ನುಡಿಸುವವನ ಕಿವಿ ಬೆಳೆಯುವುದೆಂದು ನಮಗೆ ನಂಬಿಕೆಯಿಲ್ಲ.

ನಮ್ಮ ಸಂಗೀತದ ಮಾತೇನು? ಪರದೇಶದ ವಾದ್ಯವನ್ನು ಪಳಗಿಸಿ ಕರ್ನಾಟಕ ಸಂಗೀತ ನುಡಿಸುವ ಸಾಹಸ ಮಂಗಳೂರಿಗೆ ಹೊಸದಲ್ಲ. ಬಂಟ್ವಾಳದ ಬಳಿಯ ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು (1949–2019) ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಅದಕ್ಕೆ ಮನಸೋತು, ಮಂಗಳೂರಿನ ಗೋಪಾಲಕೃಷ್ಣ ಅಯ್ಯರರಲ್ಲಿ ಕಲಿತು, ಗಮಕಕ್ಕೆ ಒಗ್ಗುವಂತೆ ಆ ವಾದ್ಯದಲ್ಲಿ ಮಾರ್ಪಾಡುಗಳನ್ನು ಮಾಡಿಕೊಂಡು, 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದವರೆಗೆ ಅದನ್ನು ಒಯ್ದರು. ಉಕುಲೇಲೆ ಮಾತ್ರ ಈ ವಿಷಯದಲ್ಲಿ ಹಟಮಾರಿ. ವೀಣೆಯಲ್ಲಿ ಮೇಣದ ಮೇಲೆ ಕೂರಿಸಿದ ಎತ್ತರದ ಮೆಟ್ಟಿಲುಗಳ ಮೇಲೆ ಉಕ್ಕಿನ ತಂತಿಯನ್ನು ಪಕ್ಕಕ್ಕೆ ಎಳೆದು ಒಂದೇ ಮೆಟ್ಟಿಲಿನಿಂದ ಮೂರು ನಾಲ್ಕು ಸ್ವರಗಳನ್ನು ಹೊರಡಿಸಬಹುದು. ಉಕ್ಕು ಸ್ವಲ್ಪ ಎಳೆದರೂ ಅದರ ಬಿಗಿತ ಬಹಳ ಏರುತ್ತದೆ, ಸ್ವರವೂ ಏರುತ್ತದೆ. ಉಕುಲೇಲೆಯ ಪ್ಲಾಸ್ಟಿಕ್ ತಂತಿ ರಬ್ಬರಿನಂತೆ ಹಿಗ್ಗಿಕೊಡುವುದರಿಂದ ಅಷ್ಟೇ ಎಳೆದಾಗ ಬಿಗಿತದ ಏರಿಕೆ ಉಕ್ಕಿನದರ ಹತ್ತರಲ್ಲೊಂದು ಪಾಲೂ ಇಲ್ಲ. ಬೆರಳಿಗೆ ಹಿತವಾಗಿರಲೆಂದು ಆರಿಸಿದ ಗುಣವೇ ಇಲ್ಲಿ ಗಮಕಕ್ಕೆ ಅಡ್ಡಿಯಾಗಿದೆ. ಮೆಟ್ಟಿಲಿಲ್ಲದ ಉಕುಲೇಲೆಯನ್ನು ಕೆಲವರು ಕಟ್ಟುತ್ತಾರೆ. ಅದರಲ್ಲಿ ಜಾರುಸ್ವರಗಳು ಬರುತ್ತವೆ, ಆದರೆ ಮೆದುತಂತಿಯ ನಾದ ಬೆರಳಿನ ಕೆಳಗೆ ಬೇಗನೆ ಸತ್ತುಹೋಗುತ್ತದೆ.

ಬೀಟೆಯ ಪಾಲು

ಈ ಪ್ರದರ್ಶನಗಳಲ್ಲಿ ನಮ್ಮ ನಾಡಿನ ಒಂದು ವಸ್ತು ಎಲ್ಲೆಲ್ಲೂ ಇದೆಯೆಂಬುದು ಬಹಳ ಮಂದಿಗೆ ತಿಳಿಯದು. ಉಕುಲೇಲೆಯ ಬೆರಳುಪಟ್ಟಿಗೂ ಕುದುರೆಗೂ ಬಹುಕಾಲದಿಂದ ಬಳಸುತ್ತ ಬಂದಿರುವ ಕಪ್ಪುಗೆಂಪು ಮರಗಳಲ್ಲಿ ಮುಖ್ಯವಾದುದು ಪಶ್ಚಿಮಘಟ್ಟದ ಬೀಟೆ. ಬ್ರೆಜಿಲ್ ದೇಶ ತನ್ನ ರೋಸ್‌ವುಡ್ ದಿಮ್ಮಿಗಳನ್ನು ಹೊರಗೆ ಬಿಡದಾದಾಗ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ತಿರುಗಿತು, ಉಳಿದವರೂ ಹಿಂಬಾಲಿಸಿದರು. ಬೀಟೆ ಗಟ್ಟಿ, ಭಾರ, ಎಣ್ಣೆಯಂಶವುಳ್ಳದ್ದು. ಬೆರಳಿನ ಬೆವರಿಗೂ ತೇವಕ್ಕೂ ಅದು ಬೇಗನೆ ಸೋಲುವುದಿಲ್ಲ.

ಅದೇ ಅದಕ್ಕೆ ಮುಳುವಾಯಿತು. ಪೀಠೋಪಕರಣಗಳ ಆಸೆಗೆ ಜಗತ್ತಿನ ಅನೇಕ ಕಡೆ ಈ ಕುಲದ ಮರಗಳನ್ನು ಕಡಿದು ಬರಿದುಮಾಡಿದರು. 2017ರ ಜನವರಿ 2ರಿಂದ ‘ಸೈಟಿಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದವು ಬೀಟೆಯೂ ಸೇರಿದಂತೆ ಡಾಲ್ಬರ್ಜಿಯ ಕುಲವನ್ನೆಲ್ಲ ತನ್ನ ನಿಯಂತ್ರಣಕ್ಕೆ ತಂದಿತು. ಸಿದ್ಧವಾದ ವಾದ್ಯವನ್ನು ದೇಶದ ಗಡಿ ದಾಟಿಸಿ ಮಾರಲೂ ಪರವಾನಗಿ ಪತ್ರಗಳು ಬೇಕಾದವು. ವಾದ್ಯ ತಯಾರಕರು ಗೊಂದಲಕ್ಕೀಡಾಗಿ ವಾಲ್‌ನಟ್ ಮುಂತಾದ ಬೇರೆ ಮರಗಳಿಗೂ, ಕಾಗದದ ಪದರಗಳನ್ನು ರಾಳದಲ್ಲಿ ನೆನೆಸಿ ಒತ್ತಿ ಮಾಡಿದ ಕೃತಕ ಹಲಗೆಗೂ ಮೊರೆಹೊಕ್ಕರು. ಆ ವರ್ಷಗಳ ಪ್ರದರ್ಶನಗಳಲ್ಲಿ ಬೀಟೆಯಿಲ್ಲದ ಉಕುಲೇಲೆಗಳು ಹೆಚ್ಚಾಗಿ ಕಾಣತೊಡಗಿದ್ದಕ್ಕೆ ಕಾರಣ ಫ್ಯಾಷನ್ ಮಾತ್ರವಲ್ಲ, ಈ ಕಾನೂನು. 2019ರಲ್ಲಿ ಜಿನೀವಾದಲ್ಲಿ ಸೇರಿದ ಸಭೆ ಸಿದ್ಧವಾದ ವಾದ್ಯಗಳಿಗೂ ಅವುಗಳ ಭಾಗಗಳಿಗೂ ವಿನಾಯಿತಿ ಕೊಟ್ಟಿತು. ಅದು ಆ ವರ್ಷದ ನವೆಂಬರ್ 26ರಿಂದ ಜಾರಿಗೆ ಬಂದಿತು. ದಿಮ್ಮಿಗೂ ಹಲಗೆಗೂ ಮಾತ್ರ ನಿಯಂತ್ರಣ ಮುಂದುವರಿದಿದೆ.

ಒಂದು ಉಕುಲೇಲೆಗೆ ಎಷ್ಟು ಬೀಟೆ ಬೇಕು? ಬೆರಳುಪಟ್ಟಿ 30 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ, ಅರ್ಧ ಸೆಂಟಿಮೀಟರ್ ದಪ್ಪ ಎಂದಿಟ್ಟುಕೊಳ್ಳೋಣ. 60 ಘನ ಸೆಂಟಿಮೀಟರ್ ಆಯಿತು. ಬೀಟೆಯ ಸಾಂದ್ರತೆ ನೀರಿನ ಐದರಲ್ಲಿ ನಾಲ್ಕು ಭಾಗಕ್ಕಿಂತ ಸ್ವಲ್ಪ ಹೆಚ್ಚಾದ್ದರಿಂದ ತೂಕ ಸುಮಾರು 50 ಗ್ರಾಮ್. ಬೀಟೆಯ ಒಂದು ಹಳೆಯ ಮಂಚ 50 ಕಿಲೋಗ್ರಾಮ್ ತೂಗಿದರೆ, ಕೊಯ್ಯುವಾಗ ಪೋಲಾಗುವುದನ್ನು ಬಿಟ್ಟರೆ, ಅದರಲ್ಲಿ ಸಾವಿರ ಉಕುಲೇಲೆಗಳ ಬೆರಳುಪಟ್ಟಿಗಳಿವೆ. ಹಳೆಯ ಮನೆಗಳನ್ನು ಕೆಡವುವಾಗ ಸಿಗುವ ಮರವನ್ನು ಹುಡುಕಿ ಕೊಳ್ಳುವ ವಾದ್ಯಕರ್ಮಿಗಳು ಹಲವು ದೇಶಗಳಲ್ಲಿದ್ದಾರೆ. ಹತ್ತಾರು ಮಳೆಗಾಲಗಳನ್ನು ಕಂಡ ಅಂಥ ಮರದ ಜೀವಕೋಶಗಳಲ್ಲಿ ನೀರನ್ನು ಹಿಡಿಯುವ ಕೆಲವು ಅಂಶಗಳು ನಿಧಾನವಾಗಿ ಶಿಥಿಲವಾಗಿರುವುದರಿಂದ, ಅದು ಹೊಸ ಮರಕ್ಕಿಂತ ತುಸು ಕಡಿಮೆ ನೀರು ಕುಡಿಯುತ್ತದೆ.